ತಳಪಾಯವನ್ನು ಎತ್ತುವ ಹಿಮ

ಭಾರ ಹೊರುವುದೇ ತಳಪಾಯದ ಧರ್ಮವೆಂದು ನಮ್ಮ ನಾಡಿನವರು ಭಾವಿಸುತ್ತೇವೆ. ಶೀತಪ್ರದೇಶಗಳಲ್ಲಿ ಅದಕ್ಕೆ ಇನ್ನೊಂದು ಹೊಣೆಯೂ ಉಂಟು: ಕೆಳಗಿನಿಂದ ಎತ್ತುವ ಶಕ್ತಿಗೆ ಸಿಲುಕದೆ ನಿಲ್ಲುವುದು. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಮನೆಯ ಹಿಂಬದಿಗೆ ಮರದ ಜಗಲಿಯೊಂದನ್ನು (ಅಲ್ಲಿಯವರ ಮಾತಿನಲ್ಲಿ ‘ಡೆಕ್’) ಜೋಡಿಸಬೇಕಾದರೂ ಅದರ ಕಾಂಕ್ರೀಟ್ ಬುಡವನ್ನು ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳಕ್ಕೆ ಇಳಿಸಬೇಕೆಂಬುದು ಕಟ್ಟಡ ನಿಯಮ. ನಾಲ್ಕು ಕುರ್ಚಿ ಹಾಕುವ ಜಗಲಿಗೆ ಇಷ್ಟು ಆಳವೇಕೆ?

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಚಳಿಗಾಲದಲ್ಲಿ ನೆಲ ಉಬ್ಬಲು ಇದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ಎಷ್ಟೋ ಕಡೆ ನೆಲವು ಈ ಲೆಕ್ಕಕ್ಕೆ ಮೀರಿ ಏಳುತ್ತಿತ್ತು. ಒಗಟನ್ನು ಬಿಡಿಸಿದವರು, ಹಿಮವೇ ಅಪರೂಪವಾದ ದಕ್ಷಿಣ ಕೆರೊಲಿನಾದ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನ ಬೋಧಿಸುತ್ತಿದ್ದ ಸ್ಟೀಫನ್ ಟೇಬರ್. ಅವರು ನೀರಿಗೆ ಬದಲಾಗಿ ಬೆಂಜೀನ್ ದ್ರವದಲ್ಲಿ ಮಣ್ಣನ್ನು ನೆನೆಸಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! 1929 ಮತ್ತು 1930ರಲ್ಲಿ ಪ್ರಕಟವಾದ ಅವರ ಲೇಖನಗಳು ನಿಜವಾದ ಕಾರಣವನ್ನು ಸ್ಪಷ್ಟಪಡಿಸಿದವು: ಹೆಪ್ಪುಗಟ್ಟುವ ಮಣ್ಣು ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮೇಲಕ್ಕೆ ಸೆಳೆಯುತ್ತದೆ, ಆ ನೀರು ಹಾಳೆಹಾಳೆಯಾದ ಮಂಜುಗಡ್ಡೆಯಾಗಿ ಬೆಳೆಯುತ್ತ ಮೇಲಿನ ನೆಲವನ್ನು ಎತ್ತುತ್ತದೆ.

ಆದ್ದರಿಂದ ಉಬ್ಬಲು ಮೂರೂ ಕೂಡಬೇಕು: ಕೊರೆಯುವ ಚಳಿ, ನೀರಿನ ಪೂರೈಕೆ, ನುಣ್ಣನೆಯ ಮಣ್ಣು. 0.02 ಮಿಲಿಮೀಟರಿಗಿಂತ ಸಣ್ಣ ಕಣಗಳು ಶೇ. 3ನ್ನು ಮೀರಿದರೆ ಸಾಮಾನ್ಯವಾಗಿ ಅಂಥ ಮಣ್ಣನ್ನು ನಂಬಬಾರದೆಂಬ ಸೂತ್ರವನ್ನು ಆರ್ಥರ್ ಕಾಸಗ್ರಾಂಡೆ 1931ರಲ್ಲಿ ಮುಂದಿಟ್ಟರು. ದಪ್ಪ ಜಲ್ಲಿಯಲ್ಲಿ ನೀರು ನಿಲ್ಲುವುದೂ ಇಲ್ಲ, ಮೇಲೇರುವುದೂ ಇಲ್ಲ.

ಇನ್ನು ಜಗಲಿಯ ವಿಷಯ. ಮನೆ ಭಾರವಾದದ್ದು, ಅದರ ಬುಡ ಆಳದಲ್ಲಿರುತ್ತದೆ. ಹೀಗಾಗಿ ಅದು ಕದಲದು. ಹಗುರವಾದ ಜಗಲಿಯ ಬುಡ ಮೇಲ್ಪದರದಲ್ಲಿದ್ದರೆ ಚಳಿಗಾಲದಲ್ಲಿ ಏಳುತ್ತದೆ, ವಸಂತದಲ್ಲಿ ಮಂಜು ಕರಗಿ ನೆಲ ಕೆಸರಾದಾಗ ಕುಸಿಯುತ್ತದೆ. ವರ್ಷವರ್ಷವೂ ಹೀಗಾದರೆ ಮನೆಗೂ ಜಗಲಿಗೂ ನಡುವಣ ಕೀಲು ಸಡಿಲವಾಗುತ್ತದೆ. ಅದು ಕಳಚಿದರೆ ಮೇಲೆ ನಿಂತವರ ಪ್ರಾಣಕ್ಕೇ ಸಂಚಕಾರ. ಆಳ ತೋಡಿದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಹೆಪ್ಪುಗಟ್ಟಿದ ಮಣ್ಣು ಒರಟು ಕಂಬದ ಪಕ್ಕವನ್ನೇ ಹಿಡಿದು ಎಳೆಯಬಲ್ಲದು. ಅದಕ್ಕಾಗಿಯೇ ನುಣುಪಾದ ರಟ್ಟಿನ ಕೊಳವೆಯಲ್ಲಿ ಕಾಂಕ್ರೀಟ್ ಎರೆದು, ಬುಡವನ್ನು ಅಗಲ ಮಾಡುತ್ತಾರೆ.

ಜಗಲಿಯ ಕೆಳಗೆ ಹೂತುಹೋದ ಆ 42 ಅಂಗುಲ ಯಾರ ಕಣ್ಣಿಗೂ ಬೀಳದು. ಎಲ್ಲರಿಗೂ ಗೊತ್ತಿದ್ದ ಉತ್ತರವನ್ನು ಮತ್ತೊಮ್ಮೆ ಪರೀಕ್ಷಿಸಿದ ಅಧ್ಯಾಪಕರೊಬ್ಬರ ಪ್ರಯೋಗ ಆ ಆಳಕ್ಕೆ ಅರ್ಥ ಕೊಟ್ಟಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.