ಹೆಬ್ಬೆಟ್ಟು ಒತ್ತುವ ಮುನ್ನ
ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ‘ಡಾಕ್ಟ್ರು ಹೇಳ್ಯಾರ, ಸಹಿ ಮಾಡಬೇಕಲ್ರಿ’ ಅನ್ನೋ ಮಾತು ಕೇಳಿಸುತ್ತೆ. ಆದರೆ ಚಿಕಿತ್ಸೆಗೆ ಒಪ್ಪೋದು ಬೇರೆ, ಔಷಧ ಪ್ರಯೋಗಕ್ಕೆ ಒಪ್ಪೋದು ಬೇರೆ.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗಕ್ಕೆ ಎಥಿಕ್ಸ್ ಕಮಿಟಿಯ ಅನುಮೋದನೆ ಬೇಕು. ಅದರಲ್ಲಿ ಕನಿಷ್ಠ 7 ಸದಸ್ಯರು; ಅರ್ಧದಷ್ಟಾದರೂ ಸಂಸ್ಥೆಯ ಹೊರಗಿನವರು. ಒಬ್ಬ ಜನಸಾಮಾನ್ಯ, ಒಬ್ಬ ಕಾನೂನು ತಜ್ಞ, ಒಬ್ಬ ಮಹಿಳೆ ಇರಲೇಬೇಕು.

ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬಾರದವರಿಗೆ ಪ್ರಯೋಗದ ಜೊತೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಪತ್ರದ ಒಂದು ಪ್ರತಿ ರೋಗಿಯ ಕೈಗೆ ಸೇರಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು.

ಎಂಜಿನಿಯರಿಂಗ್ ಓದಿದ ನಾನು ಸಹಿಯೇ ಮುಖ್ಯ ಅಂದುಕೊಂಡಿದ್ದೆ. ಸಹಿಗೂ ಮೊದಲು ಕೇಳಬೇಕಾದ್ದು ಒಂದೇ: ‘ಇದು ಚಿಕಿತ್ಸೇನೋ, ಪ್ರಯೋಗಾನೋ?’