ಬಸುರಿಯ ಮೂಲವ್ಯಾಧಿ: ಉಷ್ಣದ ಮೇಲೆ ಹೊರಿಸಿದ ತಪ್ಪು

ಮಹಾರಾಷ್ಟ್ರದ ಸೊಲ್ಲಾಪುರದಿಂದ ವಿಜಯಪುರದ ದಾರಿ ಹಿಡಿದು ಸೀನಾ ನದಿ ದಾಟಿದರೆ, ಭೀಮೆ ಇನ್ನೂ ಮುಂದಿರುವಾಗಲೇ ಮಂದ್ರೂಪ ಸಿಗುತ್ತದೆ. ಎರಡು ನದಿಗಳ ನಡುವಿನ ಎರೆಭೂಮಿ. ಹಿಂಗಾರಿ ಬಿಳಿಜೋಳದ ನಾಡು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ತಾಲೂಕುಗಳ ಬಹಳಷ್ಟು ಹಳ್ಳಿಗಳಲ್ಲಿ ಕಚೇರಿಯ ಮಾತು ಮರಾಠಿ, ಅಡುಗೆಮನೆಯ ಮಾತು ಕನ್ನಡ. ಆ ಅಡುಗೆಮನೆಗಳಲ್ಲಿ ಬಸುರಿಗೆ ಮೂಲವ್ಯಾಧಿ ಕಾಣಿಸಿಕೊಂಡಾಗ ಹಿರಿಯರು ಹೇಳುತ್ತ ಬಂದ ಕಾರಣ 'ಉಷ್ಣ ಆಗ್ಯದ' ಎಂಬುದು. ಖಾರ ಬಿಡಬೇಕು, ಶೇಂಗಾ ಚಟ್ನಿ ಬಿಡಬೇಕು, ಮಜ್ಜಿಗಿ ಕುಡಿಯಬೇಕು. ಈ ಉಪಚಾರದಲ್ಲಿ ದೊಡ್ಡ ದೋಷವೇನಿಲ್ಲ. ತಪ್ಪಿರುವುದು ಕಾರಣ ಹೇಳುವುದರಲ್ಲಿ. ಹೆಣ್ಣುಮಕ್ಕಳು ಹಗಲೆಲ್ಲ ತಡೆದುಕೊಂಡು ಕತ್ತಲಿಗಾಗಿ ಕಾಯಬೇಕಾಗಿದ್ದ ಪದ್ಧತಿ ಈ ಬೇನೆಗೆ ಎಷ್ಟು ಹೊಣೆ ಎಂಬ ಪ್ರಶ್ನೆಯನ್ನು 'ಉಷ್ಣ' ಬಹುಕಾಲ ಮುಚ್ಚಿಟ್ಟಿತು ಎಂಬುದು ನನ್ನ ವಾದ.

ಹಳೆಯ ವೈದ್ಯಕ್ಕೆ ತಡೆಹಿಡಿಯುವುದರ ಈ ಕೇಡು ಗೊತ್ತಿರಲಿಲ್ಲವೆಂದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 14ನೆಯ ಅಧ್ಯಾಯ ಇಡೀ ಅರ್ಶಸ್ಸಿಗೇ, ಅಂದರೆ ಮೂಲವ್ಯಾಧಿಗೇ, ಮೀಸಲು. ಅಲ್ಲಿ ಕಾರಣಗಳ ಸಾಲಿನಲ್ಲಿ ಆಹಾರದ ಜೊತೆಗೆ, ಬಂದ ವೇಗವನ್ನು (ಮಲಮೂತ್ರಗಳ ಒತ್ತಡವನ್ನು) ತಡೆಯುವುದು, ಬಾರದ ವೇಗವನ್ನು ತಿಣುಕಿ ತರಿಸುವುದು, ಹೆಂಗಸರಲ್ಲಿ ಗರ್ಭದ ಒತ್ತಡ, ಗರ್ಭಪಾತ, ಕಷ್ಟದ ಹೆರಿಗೆ ಎಲ್ಲವೂ ಬರುತ್ತವೆ. ಅದೇ ಗ್ರಂಥದ ಶಾರೀರಸ್ಥಾನ ಗರ್ಭಕ್ಕೆ ಹಾನಿ ಮಾಡುವ ನಡೆಗಳನ್ನು ಎಣಿಸುವಾಗ ಮಲ, ಮೂತ್ರ, ವಾಯುಗಳನ್ನು ತಡೆಹಿಡಿಯುವುದನ್ನು ಸೇರಿಸಿದೆ. ಸುಶ್ರುತನಂತೂ ಎಂಟನೆಯ ತಿಂಗಳಲ್ಲಿ ಹಳೆಯ ಮಲ ಹೊರಹೋಗಲೆಂದೇ ಬಸ್ತಿ (ಎನಿಮಾ) ಕೊಡಿಸುತ್ತಾನೆ. ಇವತ್ತಿನ ವೈದ್ಯರ ವಿವರಣೆಯೂ ಇದರಿಂದ ಬಹಳ ದೂರವಿಲ್ಲ. ಬಸಿರಿನಲ್ಲಿ ಪ್ರೊಜೆಸ್ಟೆರಾನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ರಕ್ತನಾಳಗಳ ಗೋಡೆ ಸಡಿಲಾಗುತ್ತದೆ, ಕಡೆಯ ಮೂರು ತಿಂಗಳು ಗರ್ಭಕೋಶ ಕೆಳಗಿನ ಸಿರೆಗಳನ್ನು ಒತ್ತುತ್ತದೆ. ಇದರ ಮೇಲೆ ಮಲ ಗಟ್ಟಿಯಾಗಿ ತಿಣುಕಬೇಕಾಗಿ ಬಂದರೆ ಆ ಸಿರೆಗಳು ಉಬ್ಬುತ್ತವೆ. ಮಜ್ಜಿಗೆಯನ್ನು ಅರ್ಶಸ್ಸಿಗೆ ಹಾಡಿಹೊಗಳಿದವನೂ ಚರಕನೇ. ಮನೆಯ ವೈದ್ಯದಲ್ಲಿ ಆ ಮಜ್ಜಿಗೆ ಉಳಿಯಿತು, ತಡೆಹಿಡಿಯಬಾರದೆಂಬ ಮಾತು ಉಳಿಯಲಿಲ್ಲ. ಏಕೆಂದರೆ ಮಜ್ಜಿಗೆ ಬಸುರಿಯ ಕೈಯಲ್ಲೇ ಇತ್ತು. ತಡೆಯದಿರಲು ಮನೆಯ ಹತ್ತಿರ ಮರೆಯ ಜಾಗ ಬೇಕು, ಅದನ್ನು ಕಟ್ಟಬೇಕಾದವರು ಬೇರೆಯವರು.

ಜೋಳದ ಸೀಮೆಯ ವರ್ಷವನ್ನೇ ನೋಡಿ. ಹಿಂಗಾರಿ ಜೋಳ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತನೆಯಾಗಿ, ಚಳಿಗಾಲದಲ್ಲಿ ಆಳೆತ್ತರ ಬೆಳೆದು ನಿಲ್ಲುತ್ತದೆ. ಬಹಿರ್ದೆಸೆಗೆ ಚರಗಿ ಹಿಡಿದು ಹೋದವಳಿಗೆ ಆಗ ಹೊಲದಲ್ಲಿ ಮರೆಯಿದೆ. ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಲು ಮುಗಿದು ಕಣಿಕೆ ಬಣವೆ ಸೇರಿದ ಮೇಲೆ ಕಣ್ಣು ಹಾಯುವಷ್ಟು ದೂರ ಬಿರುಕುಬಿಟ್ಟ ಕರಿಮಣ್ಣು. ಮರೆಯೆಂದರೆ ಜಾಲಿಕಂಟಿ ಇಲ್ಲವೆ ಕತ್ತಲು. ಮುಂಗಾರು ಬರುವ ತನಕ ಹೆಣ್ಣುಮಕ್ಕಳ ಪಾಲಿಗೆ ಉಳಿಯುವುದು ಕೋಳಿ ಕೂಗುವ ಮುಂಚಿನ ಹೊತ್ತು, ದೀಪ ಹಚ್ಚಿದ ಮೇಲಿನ ಹೊತ್ತು, ಇವೆರಡೇ. ಅದೇ ತಿಂಗಳುಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾವಿಗಳು ತಳ ಕಾಣುತ್ತವೆ. ನಡುವೆ ಎದ್ದು ಹೋಗುವ ಪ್ರಸಂಗ ಬಾರದಿರಲೆಂದು ರಾತ್ರಿ ಊಟ ಕಡಿಮೆ ಮಾಡುವುದು, ನೀರು ಕುಡಿಯದಿರುವುದು ದೇಶದ ಹಲವೆಡೆ ಹೆಂಗಸರ ರೂಢಿಯಾಗಿತ್ತು. ಒಡಿಶಾದ ಹಳ್ಳಿಗಳಲ್ಲಿ ಬಸುರಿಯರನ್ನೂ ಸೇರಿಸಿ ನಡೆದ ಅಧ್ಯಯನದಲ್ಲಿ ಇದು ದಾಖಲಾಗಿದೆ. ಮೈಯಲ್ಲಿ ನೀರು ಕಡಿಮೆಯಾಗಿ, ಮಲ ಹೆಚ್ಚು ಹೊತ್ತು ಒಳಗೇ ಕೂತರೆ ಅದು ಗಟ್ಟಿಯಾಗದೆ ಇನ್ನೇನಾದೀತು? ಬೇಸಿಗೆಯಲ್ಲಿ ಈ ಬೇನೆ ಹೆಚ್ಚು ಎಂದ ಹಿರಿಯರ ಕಣ್ಣು ಸರಿಯಾಗಿಯೇ ಕಂಡಿರಬೇಕು. ಅದನ್ನು ಮೈಯ ಕಾವೆಂದು ಓದಿದ್ದರಿಂದ ಬತ್ತಿದ ಬಾವಿ ಮತ್ತು ಬೋಳು ಹೊಲ ಲೆಕ್ಕದಿಂದ ತಪ್ಪಿಸಿಕೊಂಡವು.

ಇದಕ್ಕೆ ಆಕ್ಷೇಪಗಳಿವೆ. ಮನೆಯೊಳಗೇ ಸಂಡಾಸ ಇರುವ ಪಟ್ಟಣದ ಬಸುರಿಯರಿಗೂ ಮೂಲವ್ಯಾಧಿ ಆಗುತ್ತದಲ್ಲ? ಆಗುತ್ತದೆ. ಗರ್ಭದ ಒತ್ತಡ ಎಲ್ಲಿದ್ದರೂ ಒತ್ತಡವೇ. ತಡೆಹಿಡಿಯುವುದೊಂದೇ ಕಾರಣವೆಂದು ಹೇಳಿದರೆ ಅದು ಇನ್ನೊಂದು 'ಉಷ್ಣ'ವಾದೀತು. ಮೈ ತಂದೊಡ್ಡುವ ತೊಂದರೆಯನ್ನು ಪದ್ಧತಿ ಹೆಚ್ಚಿಸಿತು ಎಂಬಷ್ಟೇ ನನ್ನ ಮಾತಿನ ವ್ಯಾಪ್ತಿ. ಇನ್ನು ಕೆಲವರು ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಉಂಡವರಿಗೆ ಮಲಬದ್ಧತೆ ಎಲ್ಲಿಯದು, ಕುಕ್ಕರಗಾಲಲ್ಲಿ ಕೂರುವುದೇ ಒಳ್ಳೆಯದಲ್ಲವೇ ಎನ್ನುತ್ತಾರೆ. ಕುಕ್ಕರಗಾಲಲ್ಲಿ ಕೂತರೆ ಕರುಳಿನ ದಾರಿ ನೇರವಾಗುತ್ತದೆ, ನಿಜ. ಆದರೆ ನಾರು ಕೆಲಸ ಮಾಡುವುದು ನೀರು ಹೀರಿ ಉಬ್ಬಿದಾಗ. ನೀರು ಸಾಲದಿದ್ದರೆ ಅದೇ ನಾರು ಮಲವನ್ನು ಬಿಗಿಯಬಹುದು. ರೊಟ್ಟಿಯ ಒಳ್ಳೆಯತನವನ್ನೂ ಕೂರುವ ಭಂಗಿಯ ಒಳ್ಳೆಯತನವನ್ನೂ ಕತ್ತಲಿಗಾಗಿ ಕಾದ ಹನ್ನೆರಡು ತಾಸು ನುಂಗಿಹಾಕುತ್ತದೆ.

ಇಪ್ಪತ್ತನೆಯ ಶತಮಾನ ಇನ್ನೊಂದು ಗಂಟು ಸೇರಿಸಿತು. 1970ರಲ್ಲಿ ಕೇಂದ್ರ ಸರ್ಕಾರ ರಕ್ತಹೀನತೆ ತಡೆಯುವ ಕಾರ್ಯಕ್ರಮ ಆರಂಭಿಸಿ ಬಸುರಿಯರಿಗೆ ಕಬ್ಬಿಣಾಂಶದ ಗುಳಿಗೆ ಹಂಚಿತು. ಇದು ಬೇಕೇ ಬೇಕಾಗಿದ್ದ ಕೆಲಸ. ಆದರೆ ಕಬ್ಬಿಣದ ಗುಳಿಗೆ ಹಲವರಿಗೆ ಮಲಬದ್ಧತೆ ತರುತ್ತದೆ. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದ್ದರೆ ರಕ್ತಹೀನತೆ ಹೆಚ್ಚುತ್ತದೆ, ಹೆಚ್ಚಿದ್ದಕ್ಕೆ ಗುಳಿಗೆ, ಗುಳಿಗೆಗೆ ಮಲಬದ್ಧತೆ, ಮತ್ತೆ ರಕ್ತ. ಗುಳಿಗೆ 'ಉಷ್ಣ' ಎಂದು ಬದಿಗಿಟ್ಟ ಹೆಂಗಸರನ್ನು ಮೂಢರೆಂದು ಬೈದವರು ಈ ಸುತ್ತನ್ನು ಗಮನಿಸಲಿಲ್ಲ. ಗುಳಿಗೆಯ ಜೊತೆ ಸಾಕಷ್ಟು ನೀರು, ಸೊಪ್ಪು, ಬೇಕಾದರೆ ವೈದ್ಯರನ್ನು ಕೇಳಿ ಇಸಬಗೋಲು, ನೋವಿಗೆ ಉಗುರುಬೆಚ್ಚನೆಯ ನೀರಿನಲ್ಲಿ ಕೂರುವುದು, ರಕ್ತ ಕಂಡರೆ ಮೂಲವ್ಯಾಧಿಯೇ ಇರಬೇಕೆಂದು ಸುಮ್ಮನಾಗದೆ ತೋರಿಸುವುದು: ಇಷ್ಟು ಹೇಳಲು ದೊಡ್ಡ ಆಸ್ಪತ್ರೆ ಬೇಕಿಲ್ಲ. ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಈ ಬೇನೆ ತಾನಾಗಿ ಇಳಿಯುತ್ತದೆ.

ಹೇಳಿಕೊಳ್ಳುವುದಾದರೂ ಯಾರಿಗೆ? ಹೆಂಗಸರಿಗೆ ಹೆಂಗಸರೇ ವೈದ್ಯ ನೋಡಬೇಕೆಂದು 1885ರಲ್ಲಿ ಶುರುವಾದ ಡಫರಿನ್ ನಿಧಿಯ ಹೆಸರು ಸೊಲ್ಲಾಪುರದ ಡಫರಿನ್ ಚೌಕದಲ್ಲಿ ಇವತ್ತಿಗೂ ಇದೆ. ಆ ಹೆಸರಿನ ಹೆರಿಗೆ ಆಸ್ಪತ್ರೆಯೂ ನಗರದಲ್ಲಿದೆ. ಹಳ್ಳಿಗಳಿಗೆ ಮಾತ್ರ, ರಸ್ತೆಬದಿಯ ಗೋಡೆಗಳ ಮೇಲೆ 'ಮೂಳವ್ಯಾಧ, ಭಗಂದರ' ಎಂಬ ಜಾಹೀರಾತು ಬರೆಸಿದ ನಾಟಿ ಡಾಕ್ಟರರೇ ಮೊದಲು ತಲುಪಿದರು, ಅವರ ಬಾಗಿಲಿಗೆ ಬಸುರಿ ಹೋಗುವುದುಂಟೆ? ಸಂಡಾಸ ಬಂದದ್ದು ಇನ್ನೂ ತಡವಾಗಿ. 2011ರ ಜನಗಣತಿಯಲ್ಲಿ ದೇಶದ ಗ್ರಾಮೀಣ ಮನೆಗಳ ಪೈಕಿ ಶೇ. 30.7ರಲ್ಲಿ ಮಾತ್ರ ಅದಿತ್ತು. ಮಹಾರಾಷ್ಟ್ರ ಸರ್ಕಾರ ಸಂತ ಗಾಡ್ಗೆಬಾಬಾರ ಹೆಸರಿನಲ್ಲಿ 2000ದಲ್ಲಿ ಆರಂಭಿಸಿದ ಗ್ರಾಮ ಸ್ವಚ್ಛತಾ ಅಭಿಯಾನದ ನಂತರ ಬಂದ 2014ರ ಸ್ವಚ್ಛ ಭಾರತ ಕಟ್ಟಡಗಳನ್ನು ಎಣಿಸಿತು. ಕಟ್ಟಡ ಬಂದ ಮೇಲೆ ಅದಕ್ಕೆ ಸುರಿಯುವ ನೀರನ್ನು ಹೊತ್ತು ತರುವುದು ಮತ್ತೆ ಹೆಣ್ಣುಮಕ್ಕಳ ಪಾಲು. ಉಜನಿ ಜಲಾಶಯದಿಂದ ನೀರು ತರಿಸಿಕೊಳ್ಳುವ ಸೊಲ್ಲಾಪುರ ನಗರದಲ್ಲೇ ನಳಕ್ಕೆ ನೀರು ಬಹುಕಾಲ ದಿನ ಬಿಟ್ಟು ದಿನವೂ ಬಂದಿಲ್ಲ. ಹೀಗಿರುವಾಗ ಏಪ್ರಿಲ್ಲಿನಲ್ಲಿ ಆರು ತಿಂಗಳ ಬಸುರಿ ಹಗಲಿನ ಒಂದು ಕೊಡವನ್ನು ಸಂಡಾಸಕ್ಕೆ ಇಡಬೇಕೋ, ಕುಡಿಯಲು ಇಡಬೇಕೋ ಎಂಬ ಲೆಕ್ಕ ಎಷ್ಟೋ ಮನೆಗಳಲ್ಲಿ ಇನ್ನೂ ಮುಗಿದಿಲ್ಲ.