ಯಾವ ದಿನದ ಲ್ಯೂ?

ಷರ್ಲಾಕ್ ಹೋಮ್ಸ್ ಕಥೆಗಳನ್ನು ಮೆಚ್ಚಿದವರಿಗೆ ‘ಸ್ಟ್ರಾಂಡ್’ ಪತ್ರಿಕೆಯ ಹೆಸರು ಗೊತ್ತಿರುತ್ತದೆ. 1891ರಿಂದ ಆ ಕಥೆಗಳನ್ನು ಪ್ರಕಟಿಸಿ ಮನೆಮನೆಗೆ ಮುಟ್ಟಿಸಿದ ಪ್ರಕಾಶಕ ಸರ್ ಜಾರ್ಜ್ ನ್ಯೂನ್ಸ್. ಆತನಿಗೆ ಇಂಗ್ಲೆಂಡಿನ ಡೆವನ್ ಕರಾವಳಿಯ ಲಿಂಟನ್ ಊರಿನ ಮೇಲೆ ಮೋಹ. ಅಲ್ಲಿ ಮನೆ ಕಟ್ಟಿಸಿದ. ಆಮೇಲೆ ಆ ಗುಡ್ಡದ ಊರಿಗೆ ರೈಲು ತರುವ ಕಂಪನಿಗೂ ಮುಂದಾಳಾದ. 1898ರ ಮೇ ತಿಂಗಳಲ್ಲಿ ಬಾರ್ನ್‌ಸ್ಟೇಪಲ್‌ನಿಂದ ಲಿಂಟನ್‌ಗೆ ಸುಮಾರು 19 ಮೈಲಿಯ ನ್ಯಾರೋಗೇಜ್ ಮಾರ್ಗ ತೆರೆಯಿತು. ಎರಡು ಹಳಿಗಳ ನಡುವಿನ ಅಂತರ ಎರಡು ಅಡಿಗೆ ಅರ್ಧ ಇಂಚು ಕಡಿಮೆ, ಅಂದರೆ 597 ಮಿಲಿಮೀಟರ್. ಬಸ್ಸು, ಕಾರುಗಳು ಬಂದ ಮೇಲೆ ಪ್ರಯಾಣಿಕರು ಕಡಿಮೆಯಾದರು. 1935ರ ಸೆಪ್ಟೆಂಬರ್ 29ರಂದು ಕೊನೆಯ ರೈಲು ಓಡಿತು. ಆ 37 ವರ್ಷಗಳಲ್ಲಿ ಈ ಮಾರ್ಗಕ್ಕಿದ್ದ ಸ್ವಂತ ಎಂಜಿನ್‌ಗಳು ಐದೇ ಐದು.

ಆ ಐದೂ ಈಗ ನನ್ನ ಪುಸ್ತಕದ ಕಪಾಟಿನ ಒಂದು ಅಡ್ಡಹಲಗೆಯಲ್ಲಿ ನಿಂತಿವೆ. ಒಂದೊಂದೂ ಅಂಗೈಯಲ್ಲಿ ಹಿಡಿಯುವಷ್ಟು.

ಮಾದರಿ ಎಂಜಿನ್ ಸಂಗ್ರಹಿಸುವವರಲ್ಲಿ ಕೆಲವರು ನ್ಯಾರೋಗೇಜಿಗೇ ಅಂಟಿಕೊಳ್ಳುವುದು ಯಾಕೆ ಎಂದು ಸ್ನೇಹಿತರು ಕೇಳುತ್ತಾರೆ. ದೊಡ್ಡ ಹಳಿಯ ಎಂಜಿನ್‌ಗಳು ಒಂದೇ ಅಚ್ಚಿನಲ್ಲಿ ನೂರಾರು ಹುಟ್ಟಿದವು. ನಮ್ಮ ದೇಶದ ಬ್ರಾಡ್‌ಗೇಜಿನ ಡಬ್ಲ್ಯೂಪಿ ಮಾದರಿಯವು 755, ಸರಕು ಎಳೆಯುತ್ತಿದ್ದ ಡಬ್ಲ್ಯೂಜಿ 2,450. ಅವುಗಳಲ್ಲಿ ಒಂದನ್ನು ಕೊಂಡರೆ ಒಂದು ಜಾತಿಯ ಪ್ರತಿನಿಧಿಯನ್ನು ಕೊಂಡಂತೆ. ಸಣ್ಣ ಹಳಿಯ ಲೋಕದಲ್ಲಿ ಪ್ರತಿ ಎಂಜಿನ್ನಿಗೂ ಹೆಸರಿದೆ, ಸ್ವಭಾವವಿದೆ, ಹುಟ್ಟು ಸಾವಿನ ತಾರೀಖಿದೆ. ಒಂದು ರೈಲ್ವೆಯ ಇಡೀ ಚರಿತ್ರೆಯನ್ನು ಒಂದು ಹಲಗೆಯ ಮೇಲೆ ಜೋಡಿಸಿಡಬಹುದು.

ಜೋಡಿಸಿಟ್ಟಾಗ ಆ ಸಾಲೇ ಮಾತಾಡುತ್ತದೆ. ಯೋ, ಎಕ್ಸ್, ಟಾ ಎಂಬ ಮೊದಲ ಮೂರು ಎಂಜಿನ್‌ಗಳನ್ನು ಲೀಡ್ಸ್ ನಗರದ ಮ್ಯಾನಿಂಗ್ ವಾರ್ಡಲ್ ಕಾರ್ಖಾನೆ ಕಟ್ಟಿತು. ಮೂರೂ ಡೆವನ್ನಿನ ನದಿಗಳ ಹೆಸರುಗಳು. ನಾಲ್ಕನೆಯದು ಲಿನ್, ಅದೂ ನದಿಯ ಹೆಸರೇ, ಆದರೆ ಮೈಕಟ್ಟು ಬೇರೆ. ಗೊತ್ತಿಲ್ಲದವರೂ ಕೈಗೆತ್ತಿಕೊಂಡ ಕೂಡಲೇ ಇದು ಆ ಮನೆತನದ್ದಲ್ಲ ಎನ್ನುತ್ತಾರೆ. 1897-98ರಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ದೊಡ್ಡ ಜಟಾಪಟಿ ನಡೆದು ಬಾಗಿಲುಗಳು ಮುಚ್ಚಿದ್ದವು. ಹೊಸ ಎಂಜಿನ್ ತುರ್ತಾಗಿ ಬೇಕಿತ್ತು. ಅಮೆರಿಕದ ಫಿಲಡೆಲ್ಫಿಯಾದ ಬಾಲ್ಡ್ವಿನ್ ಕಂಪನಿ ಅದನ್ನು ಬಿಡಿಭಾಗಗಳಾಗಿ ಹಡಗಿನಲ್ಲಿ ಕಳಿಸಿತು. ಬಾರ್ನ್‌ಸ್ಟೇಪಲ್‌ನ ಪಿಲ್ಟನ್ ಶೆಡ್ಡಿನಲ್ಲಿ ಜೋಡಿಸಿದರು. ಕಾರ್ಮಿಕ ಚರಿತ್ರೆಯ ಒಂದು ಅಧ್ಯಾಯ ಹೀಗೆ ಲಿನ್‌ನ ಆಕಾರದಲ್ಲೇ ಉಳಿದಿದೆ.

ಐದನೆಯದು ಲ್ಯೂ. 1923ರಲ್ಲಿ ಈ ಮಾರ್ಗ ಸದರ್ನ್ ರೈಲ್ವೆಯ ಕೈಸೇರಿತು. 1925ರಲ್ಲಿ ಹೊಸ ಯಜಮಾನರು ಮ್ಯಾನಿಂಗ್ ವಾರ್ಡಲ್‌ನಿಂದಲೇ ಇನ್ನೊಂದು ಎಂಜಿನ್ ತರಿಸಿ ಇ188 ಎಂಬ ಸಂಖ್ಯೆ ಕೊಟ್ಟರು. ಮಾದರಿಗಾರರಿಗೆ ಈ ಲ್ಯೂ ಎಂಬುದೇ ಒಂದು ಪರೀಕ್ಷೆ.

ಕಾರಣ ಹೇಳುವ ಮೊದಲು ಅಳತೆಯ ವಿಚಾರ ಹೇಳಬೇಕು. ನನ್ನ ಎಂಜಿನ್‌ಗಳು ‘ಡಬಲ್ ಓ ನೈನ್’ ಎಂಬ ಅಳತೆಯವು. ಅಸಲಿನ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಓಡುವುದು 9 ಮಿಲಿಮೀಟರ್ ಹಳಿಯ ಮೇಲೆ. ಈ 9 ಮಿಲಿಮೀಟರ್ ಹಳಿ ಮೂಲತಃ ದೊಡ್ಡ ರೈಲುಗಳನ್ನು 160ರಲ್ಲಿ ಒಂದು ಪಾಲಿಗೆ ಇಳಿಸಿದ ‘ಎನ್ ಗೇಜ್’ ಆಟಿಕೆಗಳದು. 1960ರ ದಶಕದಲ್ಲಿ ಅದು ಸುಲಭವಾಗಿ ಸಿಗತೊಡಗಿದಾಗ ನ್ಯಾರೋಗೇಜ್ ಪ್ರಿಯರು ಎರವಲು ಪಡೆದರು. ಲೆಕ್ಕ ಹಾಕಿದರೆ 597 ಮಿಲಿಮೀಟರಿಗೆ 7.8 ಸಾಕು. ಹಾಗಾಗಿ ಡಬಲ್ ಓ ನೈನಿನ ಲ್ಯೂ ತನ್ನ ಅಸಲಿಗಿಂತ ಅಗಲವಾದ ಹಳಿಯ ಮೇಲೆ ನಿಲ್ಲುತ್ತದೆ. ಈ ಹವ್ಯಾಸದ ಬುಡದಲ್ಲೇ ಒಂದು ರಾಜಿಯಿದೆ. ಬುಡದಲ್ಲಿ ಬಿಟ್ಟ ನಿಷ್ಠೆಯನ್ನು ಮೇಲೆ ತುಂಬಿಕೊಡುವುದೇ ವಿವರದ ಕೆಲಸ.

ಒಂದು ಕಾಲಕ್ಕೆ ಹಿತ್ತಾಳೆ ತಗಡು, ಬಿಳಿಲೋಹದ ತುಂಡುಗಳನ್ನು ಬೆಸೆದು ಇವನ್ನು ಕಟ್ಟಬೇಕಿತ್ತು. ಈಗ ಡೆನ್ಮಾರ್ಕಿನ ಹೆಲ್ಯಾನ್ ಕಂಪನಿ ಸಿದ್ಧ ಎಂಜಿನ್ ಮಾಡಿದೆ. ಆದರೆ ಪೆಟ್ಟಿಗೆಯಿಂದ ಬರುವ ಎಂಜಿನ್ನಿಗೆ ವಯಸ್ಸೇ ಇರುವುದಿಲ್ಲ. ತೆಳು ತಂತಿಯಲ್ಲಿ ಕೈಹಿಡಿ ಮಾಡಬೇಕು, ಚಿಮಟದಲ್ಲಿ ಹಿಡಿದು ಕೂರಿಸಬೇಕು, ನಿಜವಾದ ಕಲ್ಲಿದ್ದಲನ್ನು ಕುಟ್ಟಿ ಜರಡಿ ಹಿಡಿದು ಅಂಟಿಸಬೇಕು, ಮಸಿ ಮತ್ತು ತುಕ್ಕಿನ ಬಣ್ಣ ಸವರಬೇಕು. ಎಷ್ಟು ಮಸಿ? ಎಷ್ಟು ತುಕ್ಕು? ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರಿಸಬೇಕು: ಇದು ಯಾವ ದಿನದ ಲ್ಯೂ?

1925ರದಾದರೆ ಸದರ್ನ್ ರೈಲ್ವೆಯ ಹಸಿರು ಮಿರುಗಬೇಕು. 1935ರ ಬೇಸಿಗೆಯದಾದರೆ ಹತ್ತು ವರ್ಷ ಗುಡ್ಡ ಹತ್ತಿ ಇಳಿದ ದಣಿವು ಕಾಣಬೇಕು. ಮಾರ್ಗ ಮುಚ್ಚಿದ ಮೇಲೆ ಉಳಿದ ನಾಲ್ಕು ಎಂಜಿನ್‌ಗಳನ್ನು ಪಿಲ್ಟನ್‌ನಲ್ಲೇ ತುಂಡರಿಸಿದರು. ಗುಜರಿಗೆ ಕೊಂಡವನು ಲ್ಯೂ ಒಂದನ್ನು ಉಳಿಸಿಕೊಂಡು, ತಾನು ಓಡಾಡಿದ ಹಳಿಯನ್ನೇ ಕಿತ್ತು ಸಾಗಿಸುವ ಕೆಲಸಕ್ಕೆ ಹಚ್ಚಿದ. ಅದು ಮೂರನೆಯ ಲ್ಯೂ. ನಾಲ್ಕನೆಯದು 1936ರ ಸೆಪ್ಟೆಂಬರಿನದು: ಸ್ವಾನ್ಸೀ ಬಂದರಿನಲ್ಲಿ ‘ಸಬೋರ್’ ಎಂಬ ಹಡಗು ಹತ್ತಿ ಬ್ರೆಜಿಲ್‌ಗೆ ಹೊರಟಿದ್ದು. ಅಲ್ಲಿಂದಾಚೆಗೆ ಅದರ ಗತಿ ಏನಾಯಿತೆಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಹುಡುಕಿದವರಿದ್ದಾರೆ, ಸಿಕ್ಕಿಲ್ಲ.

ಅಸಲು ಕಣ್ಣೆದುರಿಗೆ ಇಲ್ಲದಾಗ ಪ್ರತಿ ವಿವರಕ್ಕೂ ಸಾಕ್ಷಿ ಬೇಕಾಗುತ್ತದೆ. ಸಾಕ್ಷಿ ಎಂದರೆ ಹೆಚ್ಚಾಗಿ ಕಪ್ಪು-ಬಿಳುಪು ಫೋಟೋಗಳು. ಅವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ಬಳಿದ ಭಾಗ ಕಪ್ಪಾಗಿ ಮೂಡುತ್ತಿತ್ತು. ಒಂದು ಚಿತ್ರವನ್ನು ಇನ್ನೊಂದಕ್ಕೆ ಹೋಲಿಸಿ, ಸಂಖ್ಯೆ, ಬಣ್ಣ, ಹಿನ್ನೆಲೆಯ ಕಟ್ಟಡ ನೋಡಿ ವರ್ಷ ಊಹಿಸಬೇಕು. ಹಸ್ತಪ್ರತಿಗಳ ಪಾಠಾಂತರ ನೋಡುವ ಸಂಪಾದಕರು ಮಾಡುವುದೂ ಇದನ್ನೇ. ಎಂಜಿನ್ನಿನ ಎಡಮಗ್ಗುಲಿನ ಚಿತ್ರ ಸಿಕ್ಕಿ ಬಲಮಗ್ಗುಲಿನದು ಸಿಗದಿದ್ದರೆ ನಾನು ಬಲಕ್ಕೆ ಹೆಚ್ಚುವರಿ ಏನನ್ನೂ ಸೇರಿಸುವುದಿಲ್ಲ. ಅಂದವಾಗಿ ಕಾಣಲೆಂದು ಸೇರಿಸಿದ ಕೊಳವೆ ನಾಳೆ ಇನ್ನೊಬ್ಬರಿಗೆ ಆಧಾರವಾಗಿಬಿಡಬಹುದು.

ಹೀಗೆ ಕೂಡಿಬಿದ್ದ ತಿಳಿವಳಿಕೆ ಕಪಾಟಿನಲ್ಲೇ ಉಳಿಯಲಿಲ್ಲ. ವುಡಿ ಬೇ ನಿಲ್ದಾಣದ ಬಳಿ ಸುಮಾರು ಒಂದು ಮೈಲಿ ಹಳಿಯನ್ನು ಮತ್ತೆ ಹಾಸಿ 2004ರಿಂದ ರೈಲು ಓಡಿಸುತ್ತಿದ್ದಾರೆ. ಲ್ಯೂವಿನ ವಿನ್ಯಾಸವನ್ನು ಅನುಸರಿಸಿದ ‘ಲಿಡ್’ ಎಂಬ ಪೂರ್ಣ ಗಾತ್ರದ ಎಂಜಿನ್ 2010ರಲ್ಲಿ ಉಗಿ ಕಂಡಿತು. 2017ರಲ್ಲಿ ಹೊಸ ಲಿನ್ ಕೂಡ ಸಿದ್ಧವಾಯಿತು.

ಇದನ್ನೆಲ್ಲ ಮಾಡುತ್ತ ಕೂತಾಗ ನಮ್ಮದೇ ಒಂದು ಹಳಿ ನೆನಪಾಗದೆ ಇರುವುದಿಲ್ಲ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರಗಳನ್ನು ಹಾದು ಬೆಂಗಳೂರಿನತ್ತ ಬರುತ್ತಿದ್ದ ನ್ಯಾರೋಗೇಜ್ ಈಗಿಲ್ಲ, ಬ್ರಾಡ್‌ಗೇಜ್ ಆಗಿದೆ. ಅದು ಎರಡೂವರೆ ಅಡಿಯ ಮಾರ್ಗ, ಅಂದರೆ 762 ಮಿಲಿಮೀಟರ್. 87ರಲ್ಲಿ ಒಂದು ಪಾಲಿಗೆ ಇಳಿಸಿದರೆ 8.76, ಲ್ಯೂವಿಗೆ ಸಡಿಲವಾದ ಅದೇ 9 ಮಿಲಿಮೀಟರ್ ಹಳಿ ಕೋಲಾರದ ಎಂಜಿನ್ನಿಗೆ ಹೆಚ್ಚುಕಡಿಮೆ ಸರಿಯಾಗಿ ಹೊಂದುತ್ತದೆ. ಹಳಿಗೆ ಕೊರತೆಯಿಲ್ಲ, ಸಾಕ್ಷಿಗೆ ಕೊರತೆ. ಆ ಕಡೆಯ ಪರಿಚಯದ ಮನೆಗಳಲ್ಲಿ ಕೇಳಿ ಕೇಳಿ ನಾನು ಕೂಡಿಸಿರುವುದು ಮೂರು ಫೋಟೋ. ಒಂದರಲ್ಲಿ ಮದುವೆಯ ದಿಬ್ಬಣ ಎಂಜಿನ್ನಿನ ಮುಂದೆ ಸಾಲಾಗಿ ನಿಂತಿದೆ. ಎಂಜಿನ್ನಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ಯಾರದೋ ಚಿಕ್ಕಪ್ಪನ ಪೇಟ ಅಡ್ಡ ಬಂದಿದೆ. ಮೂರಕ್ಕೂ ತಾರೀಖಿಲ್ಲ.

ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಅಂಥ ಫೋಟೋ ಇದ್ದರೆ, ಅದರಲ್ಲಿ ನಿಂತವರನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿಕೊಂಡು ಹಿಂಬದಿಯಲ್ಲಿ ವರ್ಷ, ಊರು, ಹೆಸರು ಬರೆದಿಡಿ. ಪೆನ್ಸಿಲ್ ಸಾಕು.